ರೂಪಾಯಿಯ ಬೆಲೆ ಕಾಯುವವರು ಯಾರು?

ಹೋದ ತಿಂಗಳ ಸಂತೆಯಲ್ಲಿ ನಡೆದ ಒಂದು ಸಣ್ಣ ಸಂಗತಿಯಿಂದ ಈ ಲೇಖನವನ್ನು ಪ್ರಾರಂಭಿಸಬೇಕಾಗಿದೆ. ಎಲೆ ಅಡಿಕೆ ಕೊಳ್ಳಲು ಬಂದ ಒಬ್ಬ ಅಜ್ಜಿ ಸೆರಗಿನ ಗಂಟು ಬಿಚ್ಚಿ ಹತ್ತು ರೂಪಾಯಿಯ ಎರಡು ನಾಣ್ಯಗಳನ್ನು ಮುಂದಿಟ್ಟರು. ಅಂಗಡಿಯವನು ಅವುಗಳನ್ನು ಮುಟ್ಟಲೂ ಇಲ್ಲ. "ಇದು ಓಡೋದಿಲ್ಲ ಅಜ್ಜಿ, ನೋಟು ಇದ್ದರೆ ಕೊಡಿ" ಎಂದ. "ಯಾಕಪ್ಪ, ಇದೂ ಸರ್ಕಾರದ ದುಡ್ಡೇ ಅಲ್ಲವಾ? ಬಸ್ಸಿನೋರು ಚಿಲ್ಲರೆ ಅಂತ ಕೊಟ್ಟಿದ್ದು" ಎಂದು ಅಜ್ಜಿ ಕೇಳಿದರು. ಅಂಗಡಿಯವನಲ್ಲಿ ಉತ್ತರವಿರಲಿಲ್ಲ. ಅಜ್ಜಿ ಎಲೆ ಅಡಿಕೆ ಇಲ್ಲದೆ ಹಿಂದಿರುಗಿದರು.

ಈ ಮಾತು ಮರುವಾರ ಗ್ರಾಮಸಭೆಯಲ್ಲಿಯೂ ಬಂದಿತು. ಯಾವ ದುಡ್ಡು ಓಡುತ್ತದೆ, ಯಾವುದು ಓಡುವುದಿಲ್ಲ ಎಂಬುದನ್ನು ತೀರ್ಮಾನಿಸುವವರು ಯಾರು? ಒಂದು ಕಾಗದದ ಚೂರಿಗೆ ಐನೂರು ರೂಪಾಯಿ ಬೆಲೆ ಬರುವುದಾದರೂ ಹೇಗೆ? ನೋಟು ಅಚ್ಚು ಹಾಕುವವರು ನಮ್ಮವರೇ ಆದ ಮೇಲೆ ಇನ್ನಷ್ಟು ಅಚ್ಚು ಹಾಕಿ ಬಡವರಿಗೆಲ್ಲ ಹಂಚಬಾರದೇಕೆ? ಪ್ರಶ್ನೆಗಳು ಒಂದರ ಹಿಂದೊಂದು ಬಂದವು. ಕಡೆಯ ಪ್ರಶ್ನೆಯನ್ನು ಕೇಳಿದ ಯುವಕನನ್ನು ನೋಡಿ ಕೆಲವರು ನಕ್ಕರು. ಆದರೆ ನಕ್ಕವರಲ್ಲಿ ಯಾರೂ ಅದಕ್ಕೆ ಉತ್ತರ ಹೇಳಲಿಲ್ಲ. ಅದು ನಗುವಂಥ ಪ್ರಶ್ನೆಯೂ ಅಲ್ಲ. ಪತ್ರಿಕೆಯಲ್ಲಿ ವಿವರವಾಗಿ ಬರೆಯುವೆವೆಂದು ಅಂದು ಮಾತು ಕೊಟ್ಟಿದ್ದೆವು.

ವಾಚಕರು ತಮ್ಮ ಬಳಿ ಐವತ್ತು ರೂಪಾಯಿಯ ಹೊಸ ನೋಟಿದ್ದರೆ ದಯವಿಟ್ಟು ಕೈಗೆ ತೆಗೆದುಕೊಳ್ಳಬೇಕು. 2017ರಲ್ಲಿ ಬಂದ ಈ ನೋಟಿನ ಹಿಂಭಾಗದಲ್ಲಿ ನಮ್ಮ ಹಂಪೆಯ ಕಲ್ಲಿನ ರಥವಿದೆ. ಪಕ್ಕದಲ್ಲಿ ಹದಿನೈದು ಭಾಷೆಗಳಲ್ಲಿ ನೋಟಿನ ಬೆಲೆಯನ್ನು ಬರೆದಿದ್ದಾರೆ. ಮೇಲಿನಿಂದ ನಾಲ್ಕನೆಯ ಸಾಲು ಕನ್ನಡ. ಮುಂಭಾಗದಲ್ಲಿ ಹಿಂದಿಯಲ್ಲಿಯೂ ಇಂಗ್ಲಿಷಿನಲ್ಲಿಯೂ ಒಂದು ವಾಕ್ಯವಿದ್ದು, ಅದರ ಕೆಳಗೆ ರಿಸರ್ವ್ ಬ್ಯಾಂಕಿನ ಗವರ್ನರರ ರುಜುವಿದೆ. ಈ ನೋಟನ್ನು ಹಿಡಿದು ಬಂದವರಿಗೆ ಐವತ್ತು ರೂಪಾಯಿ ಸಲ್ಲಿಸುವೆನೆಂದು ವಚನ ಕೊಡುತ್ತೇನೆ, ಎಂಬುದು ಆ ವಾಕ್ಯದ ತಾತ್ಪರ್ಯ. ಅಂದರೆ ನೋಟು ಎಂಬುದು ಒಂದು ಬಗೆಯ ಕೈಬರಹದ ಪತ್ರ. ನಾವು ಸಾಲಕ್ಕೆ ಬರೆದುಕೊಡುವ ಪತ್ರದಂತೆಯೇ. ಪತ್ರ ಬರೆದುಕೊಟ್ಟವರು ರಿಸರ್ವ್ ಬ್ಯಾಂಕಿನವರು. ಅದಕ್ಕೆ ಜಾಮೀನು ನಿಂತವರು ಕೇಂದ್ರ ಸರ್ಕಾರದವರು.

ಒಂದು ರೂಪಾಯಿಯ ನೋಟು ಸಿಕ್ಕಿದರೆ ಅದನ್ನೂ ನೋಡಿ. ಅದರಲ್ಲಿ ಈ ವಚನವಿಲ್ಲ. ಗವರ್ನರರ ರುಜುವೂ ಇಲ್ಲ, ಕೇಂದ್ರದ ಹಣಕಾಸು ಕಾರ್ಯದರ್ಶಿಯವರ ರುಜುವಿದೆ. ಏಕೆಂದರೆ ಒಂದು ರೂಪಾಯಿಯ ನೋಟನ್ನೂ ಎಲ್ಲ ನಾಣ್ಯಗಳನ್ನೂ ಹೊರಡಿಸುವವರು ಕೇಂದ್ರ ಸರ್ಕಾರದವರೇ. ರಿಸರ್ವ್ ಬ್ಯಾಂಕು ಅವುಗಳನ್ನು ಹಂಚುವ ಕೆಲಸ ಮಾತ್ರ ಮಾಡುತ್ತದೆ. ಅಜ್ಜಿ ಕೊಟ್ಟ ನಾಣ್ಯ ನೇರವಾಗಿ ಸರ್ಕಾರದ ದುಡ್ಡೇ. ಅವರ ಮಾತು ಅಕ್ಷರಶಃ ಸರಿಯಾಗಿತ್ತು!

ಹಾಗಾದರೆ ಐವತ್ತು ರೂಪಾಯಿಯ ನೋಟನ್ನು ಹಿಡಿದು ರಿಸರ್ವ್ ಬ್ಯಾಂಕಿಗೆ ಹೋದರೆ ಅವರು ಏನು ಕೊಡುತ್ತಾರೆ? ಬಂಗಾರವನ್ನಂತೂ ಕೊಡುವುದಿಲ್ಲ. ಬೇರೆ ನೋಟನ್ನೋ ನಾಣ್ಯಗಳನ್ನೋ ಒಟ್ಟು ಐವತ್ತು ರೂಪಾಯಿಗೆ ಎಣಿಸಿ ಕೊಡುತ್ತಾರೆ, ಅಷ್ಟೆ. ಇದನ್ನು ಕೇಳಿದರೆ ಹಿರಿಯರಿಗೆ ನಿರಾಶೆಯಾಗಬಹುದು. ಹಿಂದಿನ ಕಾಲದಲ್ಲಿ ದುಡ್ಡಿನ ಬೆಲೆ ದುಡ್ಡಿನ ಒಳಗೇ ಇರುತ್ತಿತ್ತು. ನಮ್ಮ ಶಾಸನಗಳಲ್ಲಿ ಬರುವ ಗದ್ಯಾಣ, ಹೊನ್ನು, ವಿಜಯನಗರದವರ ವರಾಹ, ಇವೆಲ್ಲ ಬಂಗಾರದ ನಾಣ್ಯಗಳು. ಈಗ ನಾವು ಎಲ್ಲ ದುಡ್ಡಿಗೂ ಹೇಳುವ "ಹಣ" ಎಂಬ ಮಾತು ಕೂಡ ಒಂದು ಕಾಲಕ್ಕೆ ಸಣ್ಣದೊಂದು ಬಂಗಾರದ ನಾಣ್ಯದ ಹೆಸರಾಗಿತ್ತು. ಬ್ರಿಟಿಷರ ಕಾಲದ ಬೆಳ್ಳಿಯ ರೂಪಾಯಿ ಒಂದು ತೊಲ ತೂಗುತ್ತಿತ್ತು. ಅದರಲ್ಲಿ ಹನ್ನೆರಡು ಪಾಲಿಗೆ ಹನ್ನೊಂದು ಪಾಲು ಶುದ್ಧ ಬೆಳ್ಳಿ. ಯುದ್ಧ ಕಾಲದಲ್ಲಿ, 1940ರಲ್ಲಿ, ಬೆಳ್ಳಿ ಅರ್ಧಕ್ಕೆ ಇಳಿಯಿತು. 1947ರ ಹೊತ್ತಿಗೆ ಬೆಳ್ಳಿ ಪೂರ್ಣ ಹೋಗಿ ನಿಕ್ಕಲ್ ಬಂದಿತು. ಅಂದಿನಿಂದ ನಮ್ಮ ರೂಪಾಯಿಯನ್ನು ಕರಗಿಸಿದರೆ ರೂಪಾಯಿ ಹುಟ್ಟುವುದಿಲ್ಲ.

ನೋಟಿನ ಹಿಂದೆಯೂ ಮೊದಲು ಬಂಗಾರದ ಲೆಕ್ಕವಿತ್ತು. ನೂರು ರೂಪಾಯಿಯ ನೋಟು ಹೊರಡಿಸಬೇಕಾದರೆ ನಲವತ್ತು ರೂಪಾಯಿಯಷ್ಟು ಬಂಗಾರ ಮತ್ತು ವಿದೇಶದ ಸಾಲಪತ್ರಗಳನ್ನು ಇಟ್ಟಿರಬೇಕೆಂಬ ಕಟ್ಟಳೆ ಇತ್ತು. ಎರಡನೆಯ ಪಂಚವಾರ್ಷಿಕ ಯೋಜನೆ ಪ್ರಾರಂಭವಾದ 1956ರಲ್ಲಿ ಈ ಕಟ್ಟಳೆಯನ್ನು ತೆಗೆದರು. 1957ರಿಂದ ಇರುವ ನಿಯಮವೆಂದರೆ, ಕನಿಷ್ಠ 200 ಕೋಟಿ ರೂಪಾಯಿಯ ಬಂಗಾರ ಮತ್ತು ವಿದೇಶೀ ಸಾಲಪತ್ರಗಳು ಇರಲೇಬೇಕು, ಅದರಲ್ಲಿ 115 ಕೋಟಿಯಾದರೂ ಬಂಗಾರವಾಗಿರಬೇಕು. ಇಂದು ಚಲಾವಣೆಯಲ್ಲಿರುವ ನೋಟುಗಳ ಬೆಲೆ 30 ಲಕ್ಷ ಕೋಟಿ ರೂಪಾಯಿಗೂ ಮೀರಿದೆ. ಅದರ ಮುಂದೆ 200 ಕೋಟಿ ಎಂಬುದು ಕೆರೆಯ ಮುಂದೆ ಒಂದು ಚೆಂಬು ನೀರು. ಹಾಗೆಂದು ಉಳಿದ ನೋಟುಗಳು ಬರಿಗೈಯಲ್ಲಿ ಹೊರಟವೆಂದು ತಿಳಿಯಬಾರದು. ಹೊರಡಿಸಿದ ಪ್ರತಿಯೊಂದು ನೋಟಿಗೂ ಸಮನಾಗಿ ಬಂಗಾರವೋ, ವಿದೇಶೀ ಪತ್ರಗಳೋ, ನಮ್ಮದೇ ಸರ್ಕಾರದ ಸಾಲಪತ್ರಗಳೋ ರಿಸರ್ವ್ ಬ್ಯಾಂಕಿನ ಲೆಕ್ಕದಲ್ಲಿ ಇರಲೇಬೇಕು. ಆದರೂ ನೋಟಿನ ನಿಜವಾದ ಬಲ ಈ ಪೆಟ್ಟಿಗೆಯಲ್ಲಿಲ್ಲ. ಕಂದಾಯವನ್ನು ಈ ರೂಪಾಯಿಯಲ್ಲಿಯೇ ಕಟ್ಟಬೇಕು, ಸಾಲ ತೀರಿಸಲು ಇದನ್ನು ಕೊಟ್ಟರೆ ಒಪ್ಪಿಕೊಳ್ಳಬೇಕು ಎಂಬ ಕಾನೂನಿನಲ್ಲಿದೆ. ಇಂದು ಕೊಟ್ಟ ರೂಪಾಯಿಗೆ ನಾಳೆಯೂ ಹೆಚ್ಚುಕಡಿಮೆ ಅಷ್ಟೇ ರಾಗಿ ಬರುತ್ತದೆಂಬ ನಂಬಿಕೆಯಲ್ಲಿದೆ. ಆ ನಂಬಿಕೆಯನ್ನು ಕಾಯುವುದೇ ರಿಸರ್ವ್ ಬ್ಯಾಂಕಿನ ಮುಖ್ಯ ಕೆಲಸ.

ಈ ಬ್ಯಾಂಕಿನ ಹುಟ್ಟಿನ ವಿಚಾರ ಎರಡು ಮಾತು. 1926ರಲ್ಲಿ ಹಿಲ್ಟನ್ ಯಂಗ್ ಆಯೋಗದವರು ಇಂಥದೊಂದು ಬ್ಯಾಂಕು ಬೇಕೆಂದು ಶಿಫಾರಸು ಮಾಡಿದರು. 1934ರಲ್ಲಿ ಕಾಯಿದೆಯಾಗಿ, 1935ನೇ ಏಪ್ರಿಲ್ 1ರಂದು ಐದು ಕೋಟಿ ರೂಪಾಯಿ ಬಂಡವಾಳದಲ್ಲಿ ಖಾಸಗಿ ಷೇರುದಾರರ ಬ್ಯಾಂಕಾಗಿ ಪ್ರಾರಂಭವಾಯಿತು. ಮುಖ್ಯ ಕಛೇರಿ ಮೊದಲು ಕಲ್ಕತ್ತೆಯಲ್ಲಿದ್ದು 1937ರಲ್ಲಿ ಬೊಂಬಾಯಿಗೆ ಹೋಯಿತು. 1943ರಲ್ಲಿ ಸಿ. ಡಿ. ದೇಶಮುಖರು ಮೊದಲನೆಯ ಭಾರತೀಯ ಗವರ್ನರರಾದರು. ಸ್ವಾತಂತ್ರ್ಯ ಬಂದ ಮೇಲೆ, 1949ನೇ ಜನವರಿ 1ರಂದು ಬ್ಯಾಂಕು ರಾಷ್ಟ್ರದ ಸ್ವತ್ತಾಯಿತು.

ನೋಟು ಅಚ್ಚಾಗುವುದು ನಾಲ್ಕು ಕಡೆ: ಮಹಾರಾಷ್ಟ್ರದ ನಾಸಿಕ, ಮಧ್ಯಪ್ರದೇಶದ ದೇವಾಸ್, ಪಶ್ಚಿಮ ಬಂಗಾಳದ ಸಾಲಬೋನಿ ಮತ್ತು ನಮ್ಮ ಮೈಸೂರು. ಮೊದಲೆರಡು ಕೇಂದ್ರ ಸರ್ಕಾರದ ಕಂಪನಿಯವು. ಮೈಸೂರು ಮತ್ತು ಸಾಲಬೋನಿಯವು ರಿಸರ್ವ್ ಬ್ಯಾಂಕಿಗೇ ಸೇರಿದ ಕಂಪನಿಯವು. ಮೈಸೂರಿನ ಮುದ್ರಣಾಲಯ 1996ರಲ್ಲಿ ಕೆಲಸ ಪ್ರಾರಂಭಿಸಿತು. ನೋಟಿನ ಕಾಗದವನ್ನು ತಯಾರಿಸುವ ಕಾರ್ಖಾನೆಯೂ ಮಸಿಯ ಕಾರ್ಖಾನೆಯೂ ಅಲ್ಲಿಯೇ ಇವೆ. ಈ ಕಾಗದವನ್ನು ಮರದಿಂದ ಮಾಡುವುದಿಲ್ಲ, ಹತ್ತಿಯಿಂದ ಮಾಡುತ್ತಾರೆ. ಅಂಗಿಯ ಜೇಬಿನಲ್ಲಿ ಮರೆತು ಒಗೆದ ನೋಟು ಸಾಧಾರಣ ಕಾಗದದಂತೆ ಕರಗಿಹೋಗದಿರುವುದಕ್ಕೆ ಕಾರಣ ಇದೇ.

ಈಗ ಆ ಯುವಕನ ಪ್ರಶ್ನೆಗೆ ಬರೋಣ. ಮೈಸೂರಿನಲ್ಲಿಯೇ ಅಚ್ಚಾಗುವಾಗ ಇನ್ನಷ್ಟು ಹಾಕಿ ಹಂಚಬಾರದೇಕೆ?

ನಮ್ಮ ಸಂತೆಯನ್ನೇ ತೆಗೆದುಕೊಳ್ಳಿ. ಒಂದು ದಿನ ಸಂತೆಗೆ ನೂರು ಚೀಲ ರಾಗಿ ಬಂದಿದೆ. ಕೊಳ್ಳುವವರ ಕೈಯಲ್ಲೆಲ್ಲ ಸೇರಿ ಮೂರು ಲಕ್ಷ ರೂಪಾಯಿ ಇದೆ, ಅದೆಲ್ಲವೂ ರಾಗಿಗೇ ಮೀಸಲು ಎಂದುಕೊಳ್ಳೋಣ. ಚೀಲಕ್ಕೆ ಮೂರು ಸಾವಿರ ರೂಪಾಯಿನಂತೆ ವ್ಯಾಪಾರವಾಗುತ್ತದೆ. ರಾತ್ರೋರಾತ್ರಿ ಪುಣ್ಯಾತ್ಮನೊಬ್ಬನು ಎಲ್ಲರ ಕೈಯಲ್ಲಿದ್ದ ದುಡ್ಡನ್ನೂ ಎರಡರಷ್ಟು ಮಾಡಿದನೆನ್ನಿ. ಮರುವಾರದ ಸಂತೆಗೂ ನೂರೇ ಚೀಲ ಬಂದಿದೆ. ದುಡ್ಡು ಆರು ಲಕ್ಷವಾಗಿದೆ. ಚೀಲಕ್ಕೆ ಆರು ಸಾವಿರ ಆಗದೆ ಇನ್ನೇನಾದೀತು? ಯಾರ ಮನೆಗೂ ಒಂದು ಸೇರು ರಾಗಿಯೂ ಹೆಚ್ಚಾಗಿ ಹೋಗಲಿಲ್ಲ. ನಷ್ಟವಾದದ್ದು ಯಾರಿಗೆ? ಹೆಣ್ಣು ಮಗಳ ಮದುವೆಗೆಂದು ಹಿಂದಿನ ವರ್ಷ ದುಡ್ಡು ಕೂಡಿಟ್ಟವನಿಗೆ, ತಿಂಗಳ ಪಿಂಚಣಿಯಲ್ಲಿ ಬದುಕುವ ವಿಧವೆಗೆ, ಕೂಲಿ ಇನ್ನೂ ಏರದ ಕೂಲಿಯವನಿಗೆ. ಹೀಗೆ ಎಲ್ಲ ಪದಾರ್ಥಗಳ ಬೆಲೆಯೂ ಒಟ್ಟಿಗೆ ಏರುತ್ತ ಹೋಗುವುದನ್ನೇ ಹಣದುಬ್ಬರವೆನ್ನುತ್ತಾರೆ. ಅದು ಕಣ್ಣಿಗೆ ಕಾಣದ ಕಂದಾಯವಿದ್ದಂತೆ. ಬಡವನ ಮನೆಯಿಂದಲೇ ಹೆಚ್ಚಾಗಿ ವಸೂಲಾಗುತ್ತದೆ.

ಇಲ್ಲಿ ಒಂದು ಸುಲಭವಾದ ಲೆಕ್ಕವನ್ನು ಹೇಳಬೇಕು. ಎಪ್ಪತ್ತೆರಡನ್ನು ವರ್ಷಕ್ಕೆ ಬೆಲೆ ಏರುವ ಶೇಕಡಾವಾರು ಸಂಖ್ಯೆಯಿಂದ ಭಾಗಿಸಿದರೆ, ಎಷ್ಟು ವರ್ಷದಲ್ಲಿ ಬೆಲೆ ಎರಡರಷ್ಟಾಗುತ್ತದೆಂಬುದು ಸುಮಾರಾಗಿ ಸಿಕ್ಕುತ್ತದೆ. ವರ್ಷಕ್ಕೆ ನೂರಕ್ಕೆ 4ರಂತೆ ಬೆಲೆ ಏರಿದರೆ 18 ವರ್ಷ. ನೂರಕ್ಕೆ 6ರಂತಾದರೆ 12 ವರ್ಷ. ನೂರಕ್ಕೆ 12 ಆದರೆ ಆರೇ ವರ್ಷ. ಮಗು ಹುಟ್ಟಿದಾಗ ಅಟ್ಟದ ಮೇಲಿನ ಮಡಕೆಯಲ್ಲಿಟ್ಟ ಹತ್ತು ಸಾವಿರ ರೂಪಾಯಿ, ಆ ಮಗು ಹದಿನೆಂಟು ವರ್ಷದವಳಾಗುವ ಹೊತ್ತಿಗೆ ನೂರಕ್ಕೆ 4ರ ಲೆಕ್ಕದಲ್ಲಿಯೇ ಐದು ಸಾವಿರದ ಸಾಮಾನನ್ನು ಮಾತ್ರ ಕೊಳ್ಳಬಲ್ಲುದು. ಗೆದ್ದಲು ಮುಟ್ಟದಿದ್ದರೂ ಅರ್ಧ ಹೋಯಿತು.

ಹಾಗಾದರೆ ಬೆಲೆಯೇ ಏರದಂತೆ ಮಾಡಬಾರದೇ ಎಂದು ಕೇಳಬಹುದು. ಬೆಲೆ ಬೀಳುವುದೂ ರೈತನಿಗೆ ಕ್ಷೇಮವಲ್ಲ. 1930ರ ಸುಮಾರಿನ ಮಹಾ ಮುಗ್ಗಟ್ಟಿನಲ್ಲಿ ಬೆಳೆಯ ಧಾರಣೆ ಸುಮಾರು ಅರ್ಧಕ್ಕೆ ಇಳಿಯಿತು. ಕಂದಾಯವೂ ಸಾಲವೂ ಮಾತ್ರ ಇಳಿಯಲಿಲ್ಲ. ಹತ್ತು ಚೀಲ ಮಾರಿ ತೀರಿಸಬಹುದಾಗಿದ್ದ ಸಾಲಕ್ಕೆ ಇಪ್ಪತ್ತು ಚೀಲ ಬೇಕಾಯಿತು. ಎಷ್ಟೋ ಜಮೀನುಗಳು ಆಗ ಕೈಬಿಟ್ಟು ಹೋದವು. ಆದ್ದರಿಂದ ಸ್ವಲ್ಪ ಸ್ವಲ್ಪವಾಗಿ, ಹದವರಿತು ಏರುವುದೇ ಲೇಸೆಂದು ಈಗಿನವರ ಅಭಿಪ್ರಾಯ. 2016ರಲ್ಲಿ ರಿಸರ್ವ್ ಬ್ಯಾಂಕಿನ ಕಾಯಿದೆಯನ್ನು ತಿದ್ದಿ, ಐದು ವರ್ಷಕ್ಕೊಮ್ಮೆ ಕೇಂದ್ರ ಸರ್ಕಾರ ಒಂದು ಗುರಿಯನ್ನು ಗೊತ್ತುಮಾಡಬೇಕೆಂದು ವಿಧಿಸಿದರು. 2016ರಲ್ಲಿಯೂ 2021ರಲ್ಲಿಯೂ ಗೊತ್ತಾದ ಗುರಿ ನೂರಕ್ಕೆ 4. ಎರಡು ಮೇಲಾಗಬಹುದು, ಎರಡು ಕೆಳಗಾಗಬಹುದು. ಈ ಗುರಿ ಸಾಧಿಸಲು ಆರು ಜನರ ಒಂದು ಸಮಿತಿ ಇದೆ. ಮೂವರು ಬ್ಯಾಂಕಿನವರು, ಮೂವರನ್ನು ಸರ್ಕಾರ ನೇಮಿಸುತ್ತದೆ. ಮತಗಳು ಸಮನಾದರೆ ಗವರ್ನರರ ಮತವೇ ನಿರ್ಣಾಯಕ.

ಈ ಸಮಿತಿಯ ಕೈಯಲ್ಲಿರುವ ಸಾಧನ ಯಾವುದು? ನಮ್ಮ ಕಡೆಯವರಿಗೆ ಇದನ್ನು ತಿಳಿಸಲು ಕೆರೆಯ ನೀರುಗಂಟಿಗಿಂತ ಒಳ್ಳೆಯ ದೃಷ್ಟಾಂತವಿಲ್ಲ. ನೀರುಗಂಟಿ ಮಳೆ ತರುವವನಲ್ಲ. ಕೆರೆಯಲ್ಲಿ ನೀರೆಷ್ಟಿದೆ, ಗದ್ದೆಗೆ ಎಷ್ಟು ಬೇಕು ಎಂಬುದನ್ನು ನೋಡಿ ತೂಬನ್ನು ಎತ್ತುವವನು, ಇಳಿಸುವವನು. ಹೆಚ್ಚು ಬಿಟ್ಟರೆ ಪೈರು ಕೊಳೆಯುತ್ತದೆ, ಕಡಿಮೆ ಬಿಟ್ಟರೆ ಒಣಗುತ್ತದೆ. ದುಡ್ಡಿನ ಕೆರೆಗೆ ರಿಸರ್ವ್ ಬ್ಯಾಂಕೇ ನೀರುಗಂಟಿ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಬಿಡಬೇಕು. ದೇಶದ ದುಡ್ಡೆಂದರೆ ಬರಿಯ ನೋಟಲ್ಲ. ಹೆಚ್ಚು ಪಾಲು ದುಡ್ಡು ಬ್ಯಾಂಕುಗಳ ಲೆಕ್ಕದ ಪುಸ್ತಕದಲ್ಲಿಯೇ ಇರುತ್ತದೆ. ಬ್ಯಾಂಕಿನವರು ಒಬ್ಬನಿಗೆ ಟ್ರ್ಯಾಕ್ಟರ್ ಸಾಲ ಕೊಡುವಾಗ ನೋಟಿನ ಕಂತೆ ಎಣಿಸುವುದಿಲ್ಲ. ಮಾರುವವನ ಖಾತೆಗೆ ಅಷ್ಟು ಮೊಬಲಗನ್ನು ಜಮೆ ಬರೆಯುತ್ತಾರೆ. ಆ ಕ್ಷಣದಲ್ಲಿ ಅಷ್ಟು ಹೊಸ ದುಡ್ಡು ಹುಟ್ಟಿದಂತಾಯಿತು. ಸಾಲ ತೀರಿದಾಗ ಅದು ಇಲ್ಲವಾಗುತ್ತದೆ. ಆದುದರಿಂದ ದುಡ್ಡನ್ನು ಹದದಲ್ಲಿಡಬೇಕಾದರೆ ಅಚ್ಚಿನ ಯಂತ್ರವನ್ನು ಕಾದರೆ ಸಾಲದು, ಸಾಲವನ್ನು ಕಾಯಬೇಕು.

ಇದಕ್ಕಿರುವ ಮುಖ್ಯ ತೂಬು ರೆಪೊ ದರ. ನಮಗೆ ಕೈ ಕಟ್ಟಿದಾಗ ಒಡವೆ ಅಡವಿಟ್ಟು ಸಾಲ ತರುತ್ತೇವಷ್ಟೆ? ಬ್ಯಾಂಕುಗಳೂ ಕೈ ಕಟ್ಟಿದಾಗ ತಮ್ಮಲ್ಲಿರುವ ಸರ್ಕಾರೀ ಸಾಲಪತ್ರಗಳನ್ನು ರಿಸರ್ವ್ ಬ್ಯಾಂಕಿನಲ್ಲಿಟ್ಟು ಕೆಲವು ದಿನಗಳ ಮಟ್ಟಿಗೆ ಹಣ ಪಡೆಯುತ್ತವೆ. ಅದಕ್ಕೆ ಕೊಡುವ ಬಡ್ಡಿಯೇ ರೆಪೊ ದರ. ಅದು ಏರಿದರೆ ಬ್ಯಾಂಕುಗಳಿಗೆ ಹಣ ದುಬಾರಿಯಾಗುತ್ತದೆ. ಅವು ಮನೆ ಸಾಲ, ವಾಹನ ಸಾಲ, ಅಂಗಡಿ ಸಾಲಗಳ ಬಡ್ಡಿಯನ್ನು ಏರಿಸುತ್ತವೆ. ಸಾಲ ಕೇಳುವವರು ಹಿಂದೆಗೆಯುತ್ತಾರೆ. ಪೇಟೆಯಲ್ಲಿ ದುಡ್ಡಿನ ಓಟ ನಿಧಾನವಾಗುತ್ತದೆ. ಇಳಿಸಿದರೆ ಇದಕ್ಕೆ ತಿರುಗುಮುರುಗು. ಇನ್ನೊಂದು ತೂಬು, ಪ್ರತಿಯೊಂದು ಬ್ಯಾಂಕೂ ತನಗೆ ಬಂದ ಠೇವಣಿಯಲ್ಲಿ ನೂರಕ್ಕೆ ಇಷ್ಟೆಂದು ರಿಸರ್ವ್ ಬ್ಯಾಂಕಿನಲ್ಲಿ ಇಟ್ಟಿರಬೇಕೆಂಬ ನಿಯಮ. ಮೂರನೆಯದು, ಸರ್ಕಾರೀ ಸಾಲಪತ್ರಗಳನ್ನು ಪೇಟೆಯಲ್ಲಿ ಕೊಳ್ಳುವುದು, ಮಾರುವುದು. ಕೊಂಡರೆ ಪೇಟೆಗೆ ಹಣ ಹರಿಯುತ್ತದೆ, ಮಾರಿದರೆ ಹಿಂದಕ್ಕೆ ಬರುತ್ತದೆ.

ತೂಬು ನಿಜವಾಗಿ ಇಳಿದದ್ದನ್ನು ನಾವೆಲ್ಲ ಕಂಡಿದ್ದೇವೆ. 2022ರ ಫೆಬ್ರವರಿಯಲ್ಲಿ ಉಕ್ರೇನಿನಲ್ಲಿ ಯುದ್ಧ ಪ್ರಾರಂಭವಾಗಿ ಪೆಟ್ರೋಲಿಯಂ, ಸೂರ್ಯಕಾಂತಿ ಎಣ್ಣೆ, ಗೊಬ್ಬರ ಎಲ್ಲಕ್ಕೂ ಬೆಲೆ ಏರಿತು. ಆ ವರ್ಷದ ಜನವರಿಯಿಂದ ಸೆಪ್ಟೆಂಬರಿನವರೆಗೆ ಬೆಲೆಯ ಏರಿಕೆ ನೂರಕ್ಕೆ 6ನ್ನು ದಾಟಿಯೇ ನಿಂತಿತು. ಸತತವಾಗಿ ಒಂಬತ್ತು ತಿಂಗಳು ಗುರಿ ತಪ್ಪಿದರೆ ಬ್ಯಾಂಕಿನವರು ಸರ್ಕಾರಕ್ಕೆ ಲಿಖಿತ ಸಮಜಾಯಿಷಿ ಕೊಡಬೇಕೆಂದು ಕಾಯಿದೆ ಹೇಳುತ್ತದೆ. ಹಾಗೆ ಕೊಡಬೇಕಾಗಿ ಬಂದದ್ದು ಅದೇ ಮೊದಲು. ಈ ನಡುವೆ 2022ರ ಮೇ ತಿಂಗಳಲ್ಲಿ ನೂರಕ್ಕೆ 4 ಇದ್ದ ರೆಪೊ ದರವನ್ನು ಹಂತಹಂತವಾಗಿ ಏರಿಸಿ 2023ರ ಫೆಬ್ರವರಿಗೆ ಆರೂವರೆಗೆ ತಂದರು. ಮನೆ ಸಾಲದವರ ಕಂತು ಉದ್ದವಾದದ್ದು ಆಗಲೇ. ದರವನ್ನು ಮತ್ತೆ ಇಳಿಸತೊಡಗಿದ್ದು 2025ರ ಫೆಬ್ರವರಿಯಲ್ಲಿ.

ನೀರುಗಂಟಿಯ ಮಿತಿಯನ್ನೂ ಹೇಳದಿದ್ದರೆ ತಪ್ಪಾದೀತು. ಮಳೆ ಕೈಕೊಟ್ಟು ಈರುಳ್ಳಿ ಹೋದರೆ, ಅಕಾಲ ಮಳೆ ಬಿದ್ದು ಟೊಮ್ಯಾಟೊ ಕೊಳೆತರೆ, ರೆಪೊ ದರ ಏರಿಸಿದ ಮಾತ್ರಕ್ಕೆ ಗಿಡದಲ್ಲಿ ಕಾಯಿ ಬಿಡುವುದಿಲ್ಲ. ನಮ್ಮ ಹಳ್ಳಿಗಳ ಖರ್ಚಿನಲ್ಲಿ ಆಹಾರದ್ದೇ ದೊಡ್ಡ ಪಾಲು. ಆ ಬೆಲೆ ಹದಕ್ಕೆ ಬರಲು ಬೇಕಾದ್ದು ನೀರಾವರಿ, ಉಗ್ರಾಣ, ರಸ್ತೆ. ಈ ಸಂಗತಿಯನ್ನು ಪೇಟೆಯ ಪಂಡಿತರು ಕೆಲವು ವೇಳೆ ಮರೆಯುತ್ತಾರೆಂದು ನಮ್ಮ ಅನಿಸಿಕೆ.

ಇನ್ನೊಂದು ಮಿತಿ ಇದಕ್ಕಿಂತ ಹಳೆಯದು. ತೂಬು ಎತ್ತಿದ ಕೂಡಲೇ ನೀರು ಮೊದಲ ಗದ್ದೆಗೆ ಹೋಗುತ್ತದೆ. ಅಚ್ಚುಕಟ್ಟಿನ ಕೊನೆಯ ಗದ್ದೆಗೆ ಹೋಗಿ ಮುಟ್ಟುವುದೇ ಕಷ್ಟ. ರಿಸರ್ವ್ ಬ್ಯಾಂಕು ಹುಟ್ಟುವಾಗಲೇ ಅದರಲ್ಲಿ ವ್ಯವಸಾಯ ಸಾಲದ ಒಂದು ಇಲಾಖೆಯನ್ನು ಕಾಯಿದೆಯಿಂದಲೇ ಸ್ಥಾಪಿಸಿದ್ದರು. ಆದರೂ 1951-52ರಲ್ಲಿ ಬ್ಯಾಂಕಿನವರೇ ದೇಶದ ಹಳ್ಳಿಗಳನ್ನು ಸುತ್ತಿ ಸರ್ವೆ ಮಾಡಿಸಿದಾಗ ಕಂಡದ್ದೇನು? ರೈತನು ತಂದ ಸಾಲದಲ್ಲಿ ನೂರಕ್ಕೆ ಸುಮಾರು 70 ಪಾಲು ಲೇವಾದೇವಿಯವರದು. ಸಹಕಾರ ಸಂಘಗಳದು ನೂರಕ್ಕೆ 3.1, ಸರ್ಕಾರದ್ದು 3.3, ಬ್ಯಾಂಕುಗಳದು ನೂರಕ್ಕೆ ಒಂದೂ ಅಲ್ಲ! ಗೋರವಾಲಾ ಸಮಿತಿಯ ಈ ವರದಿ 1954ರಲ್ಲಿ ಹೊರಬಂದಿತು. ಅದರ ಫಲವಾಗಿ ಇಂಪೀರಿಯಲ್ ಬ್ಯಾಂಕನ್ನು ವಹಿಸಿಕೊಂಡು 1955ನೇ ಜುಲೈ 1ರಂದು ಸ್ಟೇಟ್ ಬ್ಯಾಂಕನ್ನು ಸ್ಥಾಪಿಸಿದರು. ಸಹಕಾರ ಸಂಘಗಳಿಗೆ ಸರ್ಕಾರವೇ ಪಾಲುದಾರನಾಗಿ ನಿಂತಿತು. ಮುಂದೆ 1982ರಲ್ಲಿ ಗ್ರಾಮೀಣ ಸಾಲದ ಮೇಲ್ವಿಚಾರಣೆಗೆಂದೇ ನಬಾರ್ಡ್ ಬಂದಿತು. ಈಗ ಬ್ಯಾಂಕುಗಳು ತಮ್ಮ ಸಾಲದಲ್ಲಿ ನೂರಕ್ಕೆ 18ರಷ್ಟನ್ನು ವ್ಯವಸಾಯಕ್ಕೆ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ಕಟ್ಟಳೆ ಇದೆ.

ಆದರೆ ನಮ್ಮಲ್ಲಿ ಇಂದಿಗೂ "ನೂರಕ್ಕೆ ಮೂರು" ಎಂದು ಕೈಸಾಲ ತರುವವರು ಇದ್ದಾರೆ. ಅದು ತಿಂಗಳ ಬಡ್ಡಿ. ವರ್ಷಕ್ಕೆ ಲೆಕ್ಕ ಹಾಕಿದರೆ ನೂರಕ್ಕೆ 36. ಬೊಂಬಾಯಿಯಲ್ಲಿ ಕಾಲು ರೂಪಾಯಿ ಬಡ್ಡಿ ಏರಿತು, ಇಳಿಯಿತು ಎಂಬ ಸುದ್ದಿಗೂ ಆ ಮನುಷ್ಯನಿಗೂ ಯಾವ ಸಂಬಂಧವೂ ಇಲ್ಲ. ಅವನು ತೂಬಿನ ನೀರು ತಲಪದ ಗದ್ದೆಯವನು. ಕಿಸಾನ್ ಕಾರ್ಡಿನ ಬೆಳೆ ಸಾಲದಲ್ಲಿಯಾಗಲಿ, ಸಹಕಾರ ಸಂಘದ ಬೆಳೆ ಸಾಲದಲ್ಲಿಯಾಗಲಿ ದೊರೆಯುವ ಬಡ್ಡಿಯ ರಿಯಾಯಿತಿಯನ್ನು ಭರಿಸುವುದು ರಿಸರ್ವ್ ಬ್ಯಾಂಕಲ್ಲ, ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಬೊಕ್ಕಸ. ಅವಧಿಯೊಳಗೆ ಕಟ್ಟಿದವರಿಗೆ ಮಾತ್ರ ಆ ರಿಯಾಯಿತಿ ಪೂರ್ಣವಾಗಿ ಸಿಕ್ಕುತ್ತದೆಂಬುದನ್ನು ಗಮನಿಸಬೇಕು.

ರೂಪಾಯಿಗೆ ಊರೊಳಗಿನ ಬೆಲೆಯಂತೆ ಹೊರಗಿನ ಬೆಲೆಯೂ ಒಂದಿದೆ. ಪರದೇಶದಿಂದ ಸಾಮಾನು ತರಿಸಬೇಕಾದರೆ ಸಾಮಾನ್ಯವಾಗಿ ಡಾಲರ್ ಕೊಡಬೇಕು. ನಮ್ಮ ಹೊಲಕ್ಕೆ ಹಾಕುವ ಪೊಟ್ಯಾಷ್ ಗೊಬ್ಬರವೆಲ್ಲ ಹೊರಗಿನಿಂದಲೇ ಬರುವುದು. ಪಂಪಿಗೆ ಹಾಕುವ ಡೀಸಲ್ಲಿನ ಕಚ್ಚಾ ಎಣ್ಣೆಯೂ ಬಹುಪಾಲು ಹಾಗೆಯೇ. ರೂಪಾಯಿಯ ಬೆಲೆ ಇಳಿದರೆ ಇವು ದುಬಾರಿ. ಆದರೆ ಕೊಡಗು ಚಿಕ್ಕಮಗಳೂರಿನ ಕಾಫಿ ಬೆಳೆಗಾರನಿಗೆ ಅದೇ ಇಳಿತದಿಂದ ಲಾಭ; ಅವನ ಕಾಫಿಗೆ ಬರುವ ಪ್ರತಿ ಡಾಲರಿಗೂ ಹೆಚ್ಚು ರೂಪಾಯಿ ಸಿಕ್ಕುತ್ತದೆ. ಆದುದರಿಂದ "ರೂಪಾಯಿ ಬಿತ್ತು" ಎಂದು ಪತ್ರಿಕೆಯಲ್ಲಿ ಓದಿದಾಗ ಯಾರಿಗೆ ಬಿತ್ತು ಎಂದು ಕೇಳುವುದು ಸರಿ.

1966ನೇ ಜೂನ್ 6ರಂದು ಸರ್ಕಾರದವರು ಡಾಲರಿನ ಬೆಲೆಯನ್ನು 4 ರೂಪಾಯಿ 76 ಪೈಸೆಯಿಂದ ಒಂದೇಟಿಗೆ ಏಳೂವರೆ ರೂಪಾಯಿಗೆ ಏರಿಸಿದರು. ಎರಡು ಯುದ್ಧ, ಬರಗಾಲ, ಹೊರಗಿನ ಸಾಲ ಎಲ್ಲ ಸೇರಿ ಬಂದ ಕಷ್ಟ ಅದು. ಅದಕ್ಕಿಂತ ದೊಡ್ಡ ಕಷ್ಟ 1991ರಲ್ಲಿ ಬಂದಿತು. ಇನ್ನು ಎರಡು ಮೂರು ವಾರಗಳ ಆಮದಿಗೆ ಆಗುವಷ್ಟು ಮಾತ್ರ ಡಾಲರ್ ಉಳಿದಿತ್ತು. ಆಗ ರಿಸರ್ವ್ ಬ್ಯಾಂಕು ಮಾಡಿದ್ದು, ಕಷ್ಟ ಬಂದಾಗ ನಮ್ಮ ಮನೆಗಳಲ್ಲಿ ಮಾಡುವುದನ್ನೇ. ಜುಲೈ ತಿಂಗಳಲ್ಲಿ ಸುಮಾರು 47 ಟನ್ ಬಂಗಾರವನ್ನು ಬ್ಯಾಂಕ್ ಆಫ್ ಇಂಗ್ಲೆಂಡಿಗೆ ಕಳುಹಿಸಿ ಅಡವಿಟ್ಟು ಸಾಲ ತಂದಿತು. ಅದೇ ಜುಲೈ 1 ಮತ್ತು 3ರಂದು ಎರಡು ಮಜಲುಗಳಲ್ಲಿ ರೂಪಾಯಿಯ ಬೆಲೆಯನ್ನೂ ಇಳಿಸಲಾಯಿತು. ಆಮೇಲೆ ಆ ಬಂಗಾರವನ್ನು ಬಿಡಿಸಿಕೊಂಡದ್ದಾಯಿತು. 2009ರಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿಯಿಂದ 200 ಟನ್ ಕೊಂಡದ್ದೂ ಆಯಿತು. 1993ರಿಂದ ಡಾಲರಿನ ಬೆಲೆಯನ್ನು ಪೇಟೆಯೇ ಗೊತ್ತುಮಾಡುತ್ತದೆ. ಏರಿಳಿತ ವಿಪರೀತವಾದಾಗ ರಿಸರ್ವ್ ಬ್ಯಾಂಕು ತನ್ನಲ್ಲಿರುವ ಡಾಲರನ್ನು ಮಾರಿಯೋ ಕೊಂಡೋ ಅದನ್ನು ತಡೆಯಲು ನೋಡುತ್ತದೆ.

ಇನ್ನು ದುಡ್ಡಿನ ರೂಪವೇ ಬದಲಾದ ಸಂದರ್ಭಗಳು. ಹದಿನಾರಾಣೆಗೆ ಒಂದು ರೂಪಾಯಿ ಎಂಬ ಲೆಕ್ಕ 1957ನೇ ಏಪ್ರಿಲ್ 1ರಂದು ಹೋಗಿ ನೂರು ನಯೇ ಪೈಸೆಗೆ ಒಂದು ರೂಪಾಯಿಯಾಯಿತು. ಒಂದಾಣೆಗೆ ಆರೂಕಾಲು ಪೈಸೆ. ಕಾಲು ಪೈಸೆಗೆ ನಾಣ್ಯವೇ ಇಲ್ಲ. ಅಂಥ ಬದಲಾವಣೆಯನ್ನೂ ಹಳ್ಳಿಯವರು ಕಲಿತುಕೊಂಡರು; ಅದಕ್ಕೆ ಮುಂಚಿತವಾಗಿ ಕಾಯಿದೆಯಾಗಿ ಕಾಲಾವಕಾಶವಿತ್ತು. ನೋಟು ರದ್ದು ಮಾಡುವುದು ಬೇರೆ ತರಹದ ಕೆಲಸ. 1946ರಲ್ಲಿಯೂ 1978ರಲ್ಲಿಯೂ ದೊಡ್ಡ ನೋಟುಗಳನ್ನು ರದ್ದು ಮಾಡಿದ್ದು ಹಳ್ಳಿಗೆ ಅಷ್ಟಾಗಿ ತಟ್ಟಲಿಲ್ಲ, ಏಕೆಂದರೆ ಆ ನೋಟುಗಳು ಹಳ್ಳಿಯಲ್ಲಿ ಇರಲೇ ಇಲ್ಲ. 2016ನೇ ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿಯ ನೋಟುಗಳು ರದ್ದಾದಾಗ ಚಲಾವಣೆಯಲ್ಲಿದ್ದ ನೋಟುಗಳ ಬೆಲೆಯಲ್ಲಿ ನೂರಕ್ಕೆ 86 ಪಾಲು ನಿಂತುಹೋಯಿತು. ಹಿಂಗಾರಿನ ಬಿತ್ತನೆಯ ಕಾಲ. ಕೂಲಿ ಕೊಡಲು ಚಿಲ್ಲರೆಯಿಲ್ಲ, ಮಾರಲು ಹೋದ ಬೆಳೆಗೆ ನಗದಿಲ್ಲ. ಕಪ್ಪುಹಣ ಹಿಂದಿರುಗದೆಂಬ ನಿರೀಕ್ಷೆಯಿತ್ತು. ರದ್ದಾದ ನೋಟುಗಳಲ್ಲಿ ನೂರಕ್ಕೆ 99.3ರಷ್ಟು ಬ್ಯಾಂಕಿಗೆ ಬಂದುವೆಂದು ರಿಸರ್ವ್ ಬ್ಯಾಂಕಿನವರೇ ಲೆಕ್ಕ ಕೊಟ್ಟರು. ನೋಟಿನ ಮೇಲಿನ ವಚನದ ಬೆಲೆ ಎಷ್ಟೆಂಬುದು ಸರತಿ ಸಾಲಿನಲ್ಲಿ ನಿಂತ ಕೂಲಿಯವರಿಗೆ ತಿಳಿದಷ್ಟು ಇನ್ನಾರಿಗೂ ತಿಳಿದಿರಲಾರದು. 2023ರ ಮೇ ತಿಂಗಳಲ್ಲಿ 2000ದ ನೋಟನ್ನು ಹಿಂದಕ್ಕೆ ಪಡೆಯುವಾಗ ಅದನ್ನು ರದ್ದು ಮಾಡಲಿಲ್ಲ. ಬದಲಾಯಿಸಿಕೊಳ್ಳಲು ತಿಂಗಳುಗಟ್ಟಲೆ ಅವಕಾಶ ಕೊಟ್ಟರು.

ಕಡೆಯದಾಗಿ ಸಂತೆಯ ನಾಣ್ಯದ ವಿಚಾರ. ಹತ್ತು ರೂಪಾಯಿಯ ನಾಣ್ಯ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಚಿತ್ರದೊಡನೆ ಬಂದಿರುವುದರಿಂದ ಜನರಿಗೆ ಸಂದೇಹ ಹುಟ್ಟಿದೆ. ಕೆಲವದರಲ್ಲಿ ರೂಪಾಯಿಯ ಹೊಸ ಗುರುತಿದೆ, ಕೆಲವದರಲ್ಲಿಲ್ಲ. 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕಿನವರು ಪ್ರಕಟಣೆ ಹೊರಡಿಸಿ, ಅದುವರೆಗೆ ಬಂದ ಹದಿನಾಲ್ಕು ಬಗೆಯ ನಾಣ್ಯಗಳೂ ಸಲ್ಲುತ್ತವೆಂದು ಸ್ಪಷ್ಟಪಡಿಸಿದ್ದಾರೆ. ಐವತ್ತು ಪೈಸೆಯ ನಾಣ್ಯವೂ ಸಲ್ಲುತ್ತದೆ. ನಾಲ್ಕಾಣೆಯೆಂದು ನಾವು ಕರೆಯುತ್ತಿದ್ದ ಇಪ್ಪತ್ತೈದು ಪೈಸೆ ಮತ್ತು ಅದಕ್ಕಿಂತ ಚಿಕ್ಕ ನಾಣ್ಯಗಳು ಮಾತ್ರ 2011ನೇ ಜೂನ್ 30ರಿಂದ ಚಲಾವಣೆಯಲ್ಲಿಲ್ಲ. ಒಂದು ಬಾಕಿಗೆ ರೂಪಾಯಿಯ ನಾಣ್ಯಗಳನ್ನು ಒಂದು ಸಾವಿರ ರೂಪಾಯಿಯವರೆಗೆ ಸಲ್ಲಿಸಲು ಕಾನೂನು ಒಪ್ಪುತ್ತದೆ. ಅಂಗಡಿಯವರು ಈ ಪತ್ರಿಕೆಯ ಪುಟವನ್ನು ಗೋಡೆಗೆ ಅಂಟಿಸಿಕೊಂಡರೂ ನಮ್ಮ ಅಡ್ಡಿಯಿಲ್ಲ.

ಹರಿದ ನೋಟಿನ ಬಗ್ಗೆಯೂ ಹಲವರು ಕೇಳಿದ್ದಾರೆ. ದಲ್ಲಾಳಿಗೆ ವಟ್ಟ ಕೊಟ್ಟು ಬದಲಾಯಿಸಿಕೊಳ್ಳಬೇಕಾದ ಅಗತ್ಯವಿಲ್ಲ. ಯಾವ ಬ್ಯಾಂಕಿನ ಶಾಖೆಯಲ್ಲಾದರೂ, ಅಲ್ಲಿ ಖಾತೆ ಇಲ್ಲದಿದ್ದರೂ, ಬದಲಾಯಿಸಿಕೊಡಬೇಕು. ಇಪ್ಪತ್ತು ರೂಪಾಯಿಯವರೆಗಿನ ನೋಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಒಂದೇ ತುಂಡಾಗಿ ಉಳಿದಿದ್ದರೆ ಪೂರ್ತಿ ಬೆಲೆ ಸಿಕ್ಕುತ್ತದೆ. ಐವತ್ತು ಮತ್ತು ಅದಕ್ಕೆ ಮೇಲ್ಪಟ್ಟ ನೋಟಿನಲ್ಲಿ ದೊಡ್ಡ ತುಂಡು ನೂರಕ್ಕೆ 80ಕ್ಕಿಂತ ಹೆಚ್ಚಿದ್ದರೆ ಪೂರ್ತಿ ಬೆಲೆ. 40ರಿಂದ 80ರವರೆಗೆ ಇದ್ದರೆ ಅರ್ಧ ಬೆಲೆ. ಅದಕ್ಕೂ ಕಡಿಮೆಯಾದರೆ ಏನೂ ಇಲ್ಲ. ಗುಡಿಸಲಿಗೆ ಬೆಂಕಿ ಬಿದ್ದು ಸೀದುಹೋದ ನೋಟು, ಮುಟ್ಟಿದರೆ ಪುಡಿಯಾಗುವ ನೋಟು, ಒಂದಕ್ಕೊಂದು ಅಂಟಿ ಬಿಡಿಸಲಾಗದ ನೋಟು, ಇಂಥವನ್ನು ಶಾಖೆಯಲ್ಲಿ ತೆಗೆದುಕೊಳ್ಳುವುದಿಲ್ಲ. ಅವನ್ನು ಕೈಯಿಂದ ಬಿಡಿಸಲು ಹೋಗದೆ, ಇದ್ದ ಡಬ್ಬಿಯಲ್ಲಿಯೇ ಹಾಗೆಯೇ ಇಟ್ಟುಕೊಂಡು ಬೆಂಗಳೂರಿನ ನೃಪತುಂಗ ರಸ್ತೆಯಲ್ಲಿರುವ ರಿಸರ್ವ್ ಬ್ಯಾಂಕಿನ ಕಛೇರಿಗೆ ಒಯ್ಯಬೇಕು.